ಓದುಗರ ಪ್ರಶ್ನೆ, ಟೀಚರ್ ಉತ್ತರ: ಕಪ್ಪು ಕೀ ಮೇಲೆ ಐದು ರಾಗ

ಈ ಬಾರಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಟ್ಟಿರುವವರು ಧಾರವಾಡದ ಒಬ್ಬ ಹಿಂದೂಸ್ತಾನಿ ಗಾಯಕಿ. ಮನೆಯಲ್ಲೇ ಮಕ್ಕಳಿಗೂ ದೊಡ್ಡವರಿಗೂ ಸಂಗೀತ ಪಾಠ ಹೇಳುತ್ತಾರೆ. ಚಿಕ್ಕಂದಿನಲ್ಲೇ ದೃಷ್ಟಿ ಹೋದವರು. ಹೆಸರು ಹಾಕಬೇಡಿ, ‘ಟೀಚರ್’ ಅಂದರೆ ಸಾಕು ಎಂದಿದ್ದಾರೆ.

ನಮಸ್ಕಾರ. ಪತ್ರಗಳನ್ನು ನನ್ನ ತಂಗಿಯ ಮಗಳು ಓದಿ ಹೇಳಿದಳು. ಇಮೇಲ್‌ಗಳನ್ನು ಫೋನೇ ಓದಿತು. ಅದರ ಕನ್ನಡ ಉಚ್ಚಾರ ಕೇಳಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇನೆ. ಹೋದ ಜನ್ಮದ ಪಾಪದ ಬಗ್ಗೆ ಕೇಳಿದವರಿಗೆ ಉತ್ತರ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳಿಗೆ ಎಂಟು ವರ್ಷ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನೆಂಟರೆಲ್ಲ ‘ಸಂಗೀತಕ್ಕೆ ಹಾಕು, ಅವಳ ಬಾಳು ಒಂದು ದಡ ಸೇರುತ್ತದೆ’ ಎನ್ನುತ್ತಾರೆ. ಅವಳಿಗೋ ಲೆಕ್ಕ ಅಂದರೆ ಪ್ರಾಣ. ಏನು ಮಾಡಲಿ? (ಒಬ್ಬ ತಾಯಿ, ಹಾವೇರಿ ಜಿಲ್ಲೆ)

ಅಕ್ಕ, ಉತ್ತರ ನಿಮ್ಮ ಪತ್ರದಲ್ಲೇ ಇದೆ. ಲೆಕ್ಕ ಕಲಿಸಿ.

ಕಣ್ಣು ಕಾಣದ ಮಗು ಅಂದ ಕೂಡಲೇ ನಮ್ಮ ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ‘ಗದಗಿಗೆ ಕಳಸ್ರಿ, ಹಾಡೋದು ಕಲೀಲಿ.’ ಅದಕ್ಕೆ ಒಳ್ಳೆಯ ಕಾರಣವೇ ಇದೆ, ಮುಂದೆ ಆ ವಿಷಯಕ್ಕೆ ಬರುತ್ತೇನೆ. ಆದರೆ ನಾನು ಓದಿದ ಅಂಧ ಮಕ್ಕಳ ಶಾಲೆಯಲ್ಲಿ ನನ್ನ ಜೊತೆಗಿದ್ದ ಎಷ್ಟೋ ಹುಡುಗಿಯರಿಗೆ ಒಂದು ಭಜನೆಯನ್ನೂ ಶ್ರುತಿಯಲ್ಲಿ ಹಾಡಲು ಬರುತ್ತಿರಲಿಲ್ಲ. ಆದರೂ ಅತಿಥಿಗಳು ಬಂದಾಗಲೆಲ್ಲ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಾಡಿಸುತ್ತಿದ್ದರು. ಹಿಂದಿನ ಸಾಲಿನವರು ಸುಮ್ನೆ ಬಾಯಿ ಆಡಿಸುತ್ತಿದ್ದರು. ಅವರಲ್ಲಿ ಒಬ್ಬಳು ಈಗ ಬ್ಯಾಂಕಿನಲ್ಲಿದ್ದಾಳೆ, ಇನ್ನೊಬ್ಬಳು ವಕೀಲಿ ಮಾಡುತ್ತಾಳೆ. ಸಂಗೀತದಿಂದ ತಪ್ಪಿಸಿಕೊಂಡಿದ್ದಕ್ಕೆ ಇಬ್ಬರಿಗೂ ಖುಷಿಯೇ.

ಲೆಕ್ಕ ಮಾಡಲು ಟೇಲರ್ ಫ್ರೇಮ್ ಎಂಬ ಹಲಗೆ ಇದೆ. ಅದರ ತುಂಬ ಎಂಟು ಮೂಲೆಯ ತೂತುಗಳು. ಸಣ್ಣ ಲೋಹದ ಮೊಳೆಯನ್ನು ತೂತಿನೊಳಗೆ ಯಾವ ದಿಕ್ಕಿಗೆ ತಿರುಗಿಸಿ ಇಡುತ್ತೀರಿ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲ ಬೆರಳ ತುದಿಯಲ್ಲೇ. ಅಬಾಕಸ್ ಕೂಡ ಕಲಿಸುತ್ತಾರೆ. ಮೊದಲು ಬ್ರೈಲ್, ಅಂದರೆ ಬೆರಳಿನಿಂದ ಓದುವ ಚುಕ್ಕೆ ಲಿಪಿ, ಗಟ್ಟಿಯಾಗಲಿ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇನ್ನೂ ಮಾಡಿಸಿಲ್ಲದಿದ್ದರೆ ಈಗಲೇ ಮಾಡಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಮ್ಮ ಮಗಳಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತವಾಗಿ ಓದುವ ಹಕ್ಕಿದೆ. ಅದು ಪಕ್ಕದ ಮಾಮೂಲಿ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಎಂದು ಆರಿಸಿಕೊಳ್ಳುವವರು ನೀವು, ನಿಮ್ಮ ನೆಂಟರಲ್ಲ.

ಸಂಗೀತ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ರೇಡಿಯೊ ಹಾಕಿಡಿ. ನನಗೆ ನಾಲ್ಕನೇ ವರ್ಷಕ್ಕೆ ದಡಾರ ಬಂದು ಕಣ್ಣು ಹೋಯಿತು. ಆಮೇಲೆ ನನ್ನನ್ನು ಹೊರಗೆ ಆಡಲು ಬಿಡುತ್ತಿರಲಿಲ್ಲ, ಧಾರವಾಡ ಆಕಾಶವಾಣಿಯೇ ಗತಿ. ಕೃಷಿರಂಗದಿಂದ ಹಿಡಿದು ವಾರ್ತೆಯವರೆಗೆ ಎಲ್ಲ ಕೇಳುತ್ತಿದ್ದೆ. ಆದರೆ ಗುನುಗುತ್ತಿದ್ದದ್ದು ರಾಗ ಮಾತ್ರ. ಅಪ್ಪ ಅದನ್ನು ಗಮನಿಸಿ ಗುರುಗಳ ಹತ್ತಿರ ಕರೆದುಕೊಂಡು ಹೋದರು. ನಿಮ್ಮ ಮಗಳೂ ಯಾರೂ ಹೇಳದೆ ತಾನಾಗಿ ಗುನುಗಿದರೆ ಕರೆದುಕೊಂಡು ಹೋಗಿ. ಇಲ್ಲದಿದ್ದರೆ ಮಗ್ಗಿ ಹೇಳಿಕೊಳ್ಳಲಿ ಬಿಡಿ.

ಕಣ್ಣಿಲ್ಲದವರಿಗೆ ದೇವರು ಕಿವಿಯಲ್ಲಿ ಜಾಸ್ತಿ ಶಕ್ತಿ ಕೊಟ್ಟಿರುತ್ತಾನಂತೆ, ನಿಜವೇ? (ಶಿವಮೊಗ್ಗ, ತುಮಕೂರು, ಇನ್ನೂ ಹಲವರು)

ತೀರಾ ಸುಳ್ಳೂ ಅಲ್ಲ. ಎಳೆ ವಯಸ್ಸಿನಲ್ಲೇ ದೃಷ್ಟಿ ಹೋದವರು ಸ್ವರದ ಸಣ್ಣ ಏರಿಳಿತವನ್ನು ಬೇರೆಯವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ ಎಂದು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಅದು ಅಷ್ಟಾಗಿ ಕಂಡಿಲ್ಲ. ಆದರೆ ಸ್ವರ ಕಿವಿಗೆ ಗೊತ್ತಾಗುವುದು ಬೇರೆ, ಅದು ಗಂಟಲಿನಿಂದ ಬರುವುದು ಬೇರೆ. ಎರಡನೆಯದಕ್ಕೆ ಬೆಳಗಿನ ಜಾವ ಎದ್ದು ಕೂರಬೇಕು. ‘ನಿಮಗೇನು, ದೈವದತ್ತ’ ಎಂದು ಯಾರಾದರೂ ಹೊಗಳಿದರೆ, ನಾನು ಖರಜದ (ಕೆಳಗಿನ ಸ್ವರಗಳ) ಸಾಧನೆಗೆ ಕೂತ ಅಷ್ಟು ವರ್ಷದ ಚಳಿಗಾಲ ಎಲ್ಲಿ ಹೋಯಿತು ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ, ಹೊಗಳಿಕೆ ಅಲ್ವಾ, ಇಟ್ಟುಕೊಳ್ಳುತ್ತೇನೆ.

ನಾನು ಹಾರ್ಮೋನಿಯಂ ಕಲಿಯುತ್ತಿದ್ದೇನೆ. ಕಣ್ಣು ಬಿಟ್ಟುಕೊಂಡು ನುಡಿಸಿದರೂ ಕೀ ತಪ್ಪುತ್ತದೆ. ನೀವು ನೋಡದೆ ಹೇಗೆ ನುಡಿಸುತ್ತೀರಿ? (ದಾವಣಗೆರೆಯ ವಿದ್ಯಾರ್ಥಿ)

ಕಣ್ಣು ಬಿಟ್ಟುಕೊಂಡು ನುಡಿಸುವುದರಿಂದಲೇ ತಪ್ಪುತ್ತದೆ ತಮ್ಮಾ! ತಮಾಷೆ ಮಾಡುತ್ತಿಲ್ಲ, ಕೇಳು.

ಎಡಗೈ ತಿದಿ ಒತ್ತಲಿ. ಬಲಗೈ ಬೆರಳುಗಳನ್ನು ಕೀಗಳ ಮೇಲೆ ಮೆಲ್ಲಗೆ ಅಡ್ಡ ಎಳೆ. ಕಪ್ಪು ಕೀಗಳು ಎತ್ತರದಲ್ಲಿರುತ್ತವೆ. ಮೊದಲು ಎರಡು ಸಿಗುತ್ತವೆ, ಆಮೇಲೆ ಒಂದು ಖಾಲಿ, ಆಮೇಲೆ ಮೂರು, ಮತ್ತೆ ಖಾಲಿ. ಎರಡು, ಮೂರು, ಎರಡು, ಮೂರು ಅಂತ ಪೇಟಿ (ಹಾರ್ಮೋನಿಯಂ) ತುಂಬ ಇದೇ ಲೆಕ್ಕ. ಎರಡರ ಗುಂಪಿನ ಎಡಕ್ಕೆ ತಾಗಿಕೊಂಡಿರುವ ಬಿಳಿಯೇ ಬಿಳಿ ಒಂದು. ಮೂರರ ಗುಂಪಿನ ಎಡಕ್ಕಿರುವುದು ಬಿಳಿ ನಾಲ್ಕು. ಎರಡರ ಗುಂಪಿನವು ಕಪ್ಪು ಒಂದು, ಕಪ್ಪು ಎರಡು. ಮೂರರ ಗುಂಪಿನವು ಕಪ್ಪು ಮೂರು, ನಾಲ್ಕು, ಐದು. ಇಷ್ಟು ಗೊತ್ತಾದರೆ ಪೇಟಿ ಎಲ್ಲೇ ಮುಟ್ಟಿದರೂ ನೀನು ಯಾವ ಕೀ ಮೇಲಿದ್ದೀಯ ಅಂತ ಹೇಳಬಹುದು.

ಈಗ ನನ್ನ ಪಾಠದ ಗುಟ್ಟು. ನಾನು ಹೊಸಬರಿಗೆ ಬಿಳಿ ಕೀ ಮುಟ್ಟಿಸುವುದೇ ಇಲ್ಲ. ಬರೀ ಕಪ್ಪು. ಕಪ್ಪು ಮೂರನ್ನು ಷಡ್ಜ, ಅಂದರೆ ‘ಸ’, ಮಾಡಿಕೊಂಡು ಬಲಕ್ಕೆ ಒಂದೊಂದೇ ಕಪ್ಪು ಒತ್ತುತ್ತಾ ಹೋಗು. ಸ ರಿ ಗ ಪ ಧ, ಅಂದರೆ ಭೂಪ ರಾಗ. ಅದೇ ಕೀಗಳು, ಈ ಸಲ ಕಪ್ಪು ಒಂದನ್ನು ಷಡ್ಜ ಮಾಡು: ಸ ರಿ ಮ ಪ ಧ, ದುರ್ಗಾ ರಾಗದ ಸ್ವರಗಳು. ಕಪ್ಪು ಎರಡರಿಂದ ಹೊರಟರೆ ಧಾನಿ. ಕಪ್ಪು ನಾಲ್ಕರಿಂದ ಮೇಘ. ಕಪ್ಪು ಐದರಿಂದ ಹೊರಟರೆ ಏನು ಬರುತ್ತದೆ ಗೊತ್ತಾ? ಮಾಲ್ಕಂಸ್! ಕೋಮಲ (ಸ್ವಲ್ಪ ಇಳಿಸಿದ) ಗಾಂಧಾರ, ಶುದ್ಧ ಮಧ್ಯಮ, ಕೋಮಲ ಧೈವತ, ಕೋಮಲ ನಿಷಾದ, ಎಲ್ಲ ಆ ಕಪ್ಪು ಕೀಗಳಲ್ಲೇ ಕೂತಿವೆ. ಐದು ಕೀ, ಐದು ರಾಗ, ಒಂದು ಬಿಳಿಯನ್ನೂ ಮುಟ್ಟಬೇಕಾಗಿಲ್ಲ. ಬರೀ ಸ್ವರ ಒತ್ತಿದರೆ ರಾಗ ಆಗುವುದಿಲ್ಲ ನಿಜ, ಅದರ ಚಲನೆ ಗುರುಗಳ ಹತ್ತಿರವೇ ಕಲಿಯಬೇಕು. ಆದರೆ ಷಡ್ಜ ಜಾಗ ಬದಲಿಸಿದರೆ ಇಡೀ ಮನೆ ಬದಲಾಗುತ್ತದೆ ಅನ್ನುವುದು ಬೆರಳಿಗೆ ಒಂದೇ ದಿನದಲ್ಲಿ ಅರ್ಥವಾಗುತ್ತದೆ. ನನ್ನ ಹತ್ತಿರ ಬರುವ ಕಣ್ಣಿರುವ ಮಕ್ಕಳಿಗೂ ಇದೇ ಪಾಠ. ಪೇಟಿ ಮೇಲೆ ಟವೆಲ್ ಹೊದಿಸಿ ಕಲಿಸುತ್ತೇನೆ. ನೀನೂ ಮಾಡಿ ನೋಡು.

ನಮ್ಮ ಸಂಗೀತದ ಮೇಷ್ಟ್ರಿಗೆ ಕಣ್ಣು ಕಾಣುವುದಿಲ್ಲ. ನನ್ನ ತಪ್ಪುಗಳು ಅವರಿಗೆ ಪೂರ್ತಿ ಗೊತ್ತಾಗುತ್ತವೆಯೇ? ಪೆದ್ದು ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. (ಹೆಸರು ಬೇಡ, ಬೆಂಗಳೂರು)

ಹೆಸರು ಬೇಡ ಅಂದಿದ್ದು ಯಾಕೆ ಅಂತ ಗೊತ್ತಾಯಿತು! ಪಾಠದ ಹೊತ್ತಿನಲ್ಲಿ ಫೋನ್ ನೋಡುತ್ತೀರಿ, ಅಲ್ವಾ? ಗಾಜಿನ ಮೇಲೆ ಬೆರಳು ತಾಗುವ ಸದ್ದು ಕೇಳಿಸುತ್ತದೆ. ನಿಮ್ಮ ಮೇಷ್ಟ್ರು ದೊಡ್ಡ ಮನಸ್ಸಿನವರು, ಅದಕ್ಕೆ ಸುಮ್ಮನಿದ್ದಾರೆ.

ಪುಸ್ತಕ ನೋಡಿಕೊಂಡು ಹಾಡುವವರ ದನಿ ಕೆಳಗೆ ಬಾಗಿರುತ್ತದೆ. ಉಸಿರು ರಾಗಕ್ಕೆ ಬೇಕಾದ ಕಡೆ ನಿಲ್ಲದೆ ಸಾಲು ಮುಗಿದ ಕಡೆ ನಿಲ್ಲುತ್ತದೆ. ‘ಆ’ ಎಂದು ಹಾಡುವ ಆಕಾರದಲ್ಲಿ ಬಾಯಿ ಸರಿಯಾಗಿ ತೆರೆಯದಿದ್ದರೆ ಗೊತ್ತಾಗುತ್ತದೆ. ಗೋಡೆಗೆ ಒರಗಿ ಕೂತಿದ್ದರೂ ಗೊತ್ತಾಗುತ್ತದೆ. ತಬಲಾದಲ್ಲಿ ‘ನಾ’ ಎಂಬ ಪೆಟ್ಟು ಅಂಚಿನ ಮೇಲೆ ಬಿತ್ತೋ ಒಳಗೆ ಬಿತ್ತೋ ಎಂದು ಕೇಳಿಯೇ ಹೇಳುತ್ತೇವೆ. ತಂಬೂರಿ ಮೀಟುವ ಕೈ ಬೇರೆ ಕಡೆ ಗಮನ ಹೋದ ಕೂಡಲೇ ಓಡುತ್ತದೆ.

ನಮಗೆ ಸಿಗದ ಸಂಗತಿಗಳೂ ಇವೆ. ಶಿಷ್ಯರ ಕೈ ಹೇಗೆ ಕೂತಿದೆ ಎಂದು ಮುಟ್ಟಿ ನೋಡಬೇಕು. ‘ಕೈ ಹಿಡಿಯಲಾ?’ ಅಂತ ಕೇಳಿಯೇ ಮುಟ್ಟುತ್ತೇನೆ. ಮುದ್ರಾದೋಷ ಇನ್ನೂ ಕಷ್ಟ. ತಾನ್ (ವೇಗದ ಸ್ವರಗಳ ಸಾಲು) ತೆಗೆಯುವಾಗ ಹುಡುಗ ಮುಖ ಸಿಂಡರಿಸುತ್ತಾನೋ ಕೈ ಗಾಳಿಪಟದಂತೆ ಆಡಿಸುತ್ತಾನೋ ನನಗೆ ತಿಳಿಯುವುದಿಲ್ಲ. ನನ್ನದೇ ಮುಖ ಹೇಗಿರುತ್ತದೆ ಅಂತಲೂ ಗೊತ್ತಾಗದು. ಅದಕ್ಕೆ ತಂಗಿಯ ಮಗಳು ಇದ್ದಾಳೆ. ‘ದೊಡ್ಡಮ್ಮ, ಹುಬ್ಬು’ ಅಂದರೆ ಸಾಕು, ಹುಬ್ಬು ಇಳಿಸುತ್ತೇನೆ.

ಗದಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಅಂಧರು. ಅಷ್ಟು ಮಕ್ಕಳನ್ನು ಸಾಕಿ, ಕಲಿಸಿ, ಬೆಳೆಸಿದ್ದು ಹೇಗೆ? ನಮ್ಮ ಶಾಲೆಯ ಮಕ್ಕಳಿಗೆ ಹೇಳಬೇಕಾಗಿದೆ. (ಶಿಕ್ಷಕರು, ಕೊಪ್ಪಳ)

ಮಕ್ಕಳಿಗೆ ಪವಾಡದ ಕಥೆ ಹೇಳಬೇಡಿ ಸರ್, ದುಡಿಮೆಯ ಕಥೆ ಹೇಳಿ. ಅದು ಇನ್ನೂ ಚೆನ್ನಾಗಿದೆ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ. ಮೊದಲ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ದೃಷ್ಟಿ ಇರಲಿಲ್ಲ. ಅಣ್ಣ ಗುರುಬಸಯ್ಯನಿಗೂ ಇರಲಿಲ್ಲ. ಇಬ್ಬರೂ ಹಾಡುತ್ತಿದ್ದರು. ಹಾನಗಲ್ಲ ಮಠದ ಕುಮಾರಸ್ವಾಮಿಗಳು ಕೈ ಹಿಡಿದರು. ಆಮೇಲೆ ಕಲಿತದ್ದು ಒಂದು ಕಡೆ ಅಲ್ಲ. ಕರ್ನಾಟಕ ಸಂಗೀತ ಕಲಿತರು. ನೀಲಕಂಠಬುವಾ ಅವರಿಂದ ಹಿಂದೂಸ್ತಾನಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರಿಗೂ ಆ ನೀಲಕಂಠಬುವಾ ಅವರೇ ಗುರುಗಳು. ಕಿರಾನಾ ಘರಾಣೆಯ (ಗಾಯನ ಪರಂಪರೆಯ) ಅಬ್ದುಲ್ ವಹೀದ್ ಖಾನರ ಪಾಠವೂ ಆಯಿತು. ಎರಡೂ ಪದ್ಧತಿ ಗೊತ್ತಿದ್ದದ್ದಕ್ಕೇ ಅವರನ್ನು ಉಭಯ ಗಾನ ವಿಶಾರದ ಎಂದು ಕರೆದರು.

ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಾ ಅವರು ಪಾಠ ಹೇಳಿದರು. ಪಾಠಶಾಲೆಯೇ ಸಂಚಾರಿ. ಒಂದು ಊರಿನಲ್ಲಿ ಅನ್ನ ಸಿಕ್ಕಷ್ಟು ದಿನ ಅಲ್ಲಿ, ಆಮೇಲೆ ಮುಂದಿನ ಊರು. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಯಾದದ್ದು 1942ರಲ್ಲಿ. ಎರಡೇ ವರ್ಷಕ್ಕೆ, 1944ರಲ್ಲಿ, ಗವಾಯಿಗಳು ತೀರಿಕೊಂಡರು. ಆಗ ಜವಾಬ್ದಾರಿ ಬಿದ್ದದ್ದು ಶಿಷ್ಯ ಪುಟ್ಟರಾಜರ ಮೇಲೆ. ಅವರಿಗೆ ಆಗ ಮೂವತ್ತು ವರ್ಷ. 1914ರಲ್ಲಿ ಹುಟ್ಟಿದವರು, ಕೂಸಾಗಿದ್ದಾಗಲೇ ದೃಷ್ಟಿ ಹೋಗಿತ್ತು. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಳ್ಳುವವರೆಗೂ ಆ ಹೊರೆ ಕೆಳಗಿಡಲಿಲ್ಲ. ಪದ್ಮಭೂಷಣ ಬಂದದ್ದೂ ಅದೇ ವರ್ಷ.

ದುಡ್ಡು ಎಲ್ಲಿಂದ ಬಂತು ಅಂತ ತಾನೆ ನೀವು ಕೇಳಿದ್ದು? ಆಶ್ರಮಕ್ಕೆ ನಾಟಕ ಕಂಪನಿ ಇತ್ತು. ಪುಟ್ಟರಾಜರು ನಾಟಕ ಬರೆಯುತ್ತಿದ್ದರು, ಸಂಗೀತ ಕೊಡುತ್ತಿದ್ದರು. ನಾಟಕದ ಹಣ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಆಮೇಲೆ ಭಕ್ತರು ಊರೂರಿಗೆ ಕರೆಸಿ ತುಲಾಭಾರ ಮಾಡತೊಡಗಿದರು. ತಕ್ಕಡಿಯ ಒಂದು ಕಡೆ ಅಜ್ಜಾವರು (ಪುಟ್ಟರಾಜರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ), ಇನ್ನೊಂದು ಕಡೆ ನಾಣ್ಯ. ಆ ನಾಣ್ಯವೂ ಆಶ್ರಮದ ಒಲೆಗೇ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಎಲ್ಲ ಅವರಿಗೆ ಬರುತ್ತಿತ್ತು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು.

ಒಂದು ಮಾತು ನಿಮ್ಮ ಮಕ್ಕಳಿಗೆ ಖಂಡಿತ ಹೇಳಿ. ಈ ಗುರುಗಳ ಹತ್ತಿರ ಕಲಿತವರಲ್ಲಿ ಕಣ್ಣಿದ್ದವರೂ ಬೇಕಾದಷ್ಟು ಜನ. ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಎಂ. ವೆಂಕಟೇಶಕುಮಾರರು ಹುಡುಗನಾಗಿದ್ದಾಗ ಬಳ್ಳಾರಿ ಕಡೆಯಿಂದ ಗದಗಿಗೆ ಬಂದು ಪುಟ್ಟರಾಜರ ಹತ್ತಿರ ಹನ್ನೆರಡು ವರ್ಷ ಇದ್ದು ಕಲಿತವರು. ಪಾಪ ಕುರುಡ ಮಕ್ಕಳಿಗೆ ಏನೋ ಒಂದು ಕಸುಬು ಎಂದು ಹುಟ್ಟಿದ ಜಾಗ ಅದಲ್ಲ ಸರ್. ಹಿಂದೂಸ್ತಾನಿ ಕಲಿಯಬೇಕೆಂದರೆ ಕಣ್ಣಿದ್ದವರೂ ಅಲ್ಲಿಗೇ ಬಂದರು. ‘ಗದಗಿಗೆ ಕಳಸ್ರಿ’ ಅನ್ನುವವರಿಗೆ ಇದೊಂದು ಮಾತ್ರ ಮರೆತುಹೋಗಿದೆ.

ಕಛೇರಿಯಲ್ಲಿ ಗಾಯಕರು ತಬಲಾದವರಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಾರೆ. ನೀವು? (ಮೈಸೂರು)

ಮುಖಡಾದಲ್ಲಿ. ಬಂದಿಶಿನ, ಅಂದರೆ ಹಾಡುವ ರಚನೆಯ, ಆ ಮೊದಲ ತುಣುಕು ಎತ್ತಿಕೊಂಡರೆ ‘ಸಮ್‌ಗೆ ಬರುತ್ತಿದ್ದೇನೆ’ (ಸಮ್ ಅಂದರೆ ತಾಳದ ಮೊದಲ ಮಾತ್ರೆ) ಅಂತ ಅರ್ಥ, ತಬಲಾದವರು ತಾವಾಗಿ ಅಲ್ಲಿಗೆ ಬಂದು ಸೇರುತ್ತಾರೆ. ಅವರ ತಿಹಾಯಿ (ಮೂರು ಸಲ ನುಡಿಸಿ ಮುಗಿಸುವ ತುಣುಕು) ಶುರುವಾದರೆ ನನಗೂ ಹಾಗೇ ಗೊತ್ತಾಗುತ್ತದೆ. ತಬಲಾ ಒಂಟಿಯಾಗಿ ನುಡಿಯಲಿ ಎಂದರೆ ನಾನು ಸ್ಥಾಯಿಯ, ಅಂದರೆ ಬಂದಿಶಿನ ಮೊದಲ ಭಾಗದ, ಸಾಲನ್ನು ಏನೂ ಬದಲಿಸದೆ ಹಾಡುತ್ತಾ ಇರುತ್ತೇನೆ. ತಾಳದ ಒಂದೆರಡು ಸುತ್ತು ಹಾಗೇ ಸಾಗಿದರೆ ಅನುಭವಸ್ಥರಿಗೆ ತಿಳಿಯುತ್ತದೆ. ಹೊಸ ಹುಡುಗರಾದರೆ ‘ಬಾರಪ್ಪಾ’ ಅಂತ ಮೆಲ್ಲಗೆ ಹೇಳುತ್ತೇನೆ, ಕೆಲವೊಮ್ಮೆ ಅದು ಮೈಕಿನಲ್ಲೂ ಕೇಳಿಸಿಬಿಡುತ್ತದೆ.

ನನಗೆ ತಲುಪದ ಸನ್ನೆ ಅಂದರೆ ಚೀಟಿ. ಒಂದು ಊರಿನಲ್ಲಿ ‘ಸಮಯವಾಯಿತು’ ಅಂತ ಬರೆದ ಚೀಟಿಯನ್ನು ತಂದು ನನ್ನ ಮುಂದೆ ಇಟ್ಟು ಹೋದರಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಚೀಟಿ. ನಾನು ಬಾಗೇಶ್ರೀ ರಾಗ ಹಾಡುತ್ತಲೇ ಇದ್ದೆ. ಮುಂದಿನ ಭಾಷಣಕಾರರು ಎದ್ದು ಮನೆಗೆ ಹೋದರೆಂದು ಆಮೇಲೆ ತಿಳಿಯಿತು. ಕೇಳುಗರು ಯಾರೂ ದೂರಲಿಲ್ಲ.

ಸಂಗೀತದ ಸ್ವರಗಳನ್ನು ಬ್ರೈಲ್‌ನಲ್ಲಿ ಬರೆಯಬಹುದೇ? (ಮಂಗಳೂರು, ಕಲಬುರಗಿ)

ಬರೆಯಬಹುದು. ಲೂಯಿ ಬ್ರೈಲ್ ಸ್ವತಃ ಆರ್ಗನ್ ನುಡಿಸುತ್ತಿದ್ದವರು. 1829ರಲ್ಲಿ ಅವರು ತಮ್ಮ ಚುಕ್ಕೆಗಳ ಲಿಪಿಯನ್ನು ಹೊರತಂದಾಗಲೇ ಸಂಗೀತ ಬರೆಯುವ ಕ್ರಮವೂ ಅದರಲ್ಲಿತ್ತು. ಅದು ಪಾಶ್ಚಾತ್ಯ ಸಂಗೀತಕ್ಕೆ. ನಮ್ಮ ಭಾಷೆಗಳಿಗೆಲ್ಲ ಸೇರಿ ಭಾರತಿ ಬ್ರೈಲ್ ಎಂದು ಒಪ್ಪಿಕೊಂಡದ್ದು 1951ರಲ್ಲಿ. ನಾನು ಅದರಲ್ಲೇ ಸರಿಗಮ ಬರೆದುಕೊಳ್ಳುತ್ತೇನೆ. ಆರು ಚುಕ್ಕೆಯ ಮನೆಯಲ್ಲಿ ಸ ಅಂದರೆ 2, 3, 4ನೇ ಚುಕ್ಕೆ. ಪ ಅಂದರೆ 1, 2, 3, 4. ಕೋಮಲ, ತೀವ್ರ (ಏರಿಸಿದ ಸ್ವರ), ಮೇಲಿನ ಸಪ್ತಕ, ಇವಕ್ಕೆಲ್ಲ ಸ್ವರದ ಹಿಂದೆ ನನ್ನದೇ ಒಂದು ಗುರುತು. ಬೇರೆಯವರು ಓದಿದರೆ ಅರ್ಥವಾಗಲಿಕ್ಕಿಲ್ಲ.

ಬ್ರೈಲ್ ಸ್ಲೇಟಿನಲ್ಲಿ ಕಾಗದ ಸಿಕ್ಕಿಸಿ ಮೊಳೆಯಂಥ ಸ್ಟೈಲಸ್‌ನಿಂದ ಚುಚ್ಚುತ್ತಾ ಹೋಗಬೇಕು, ಬಲದಿಂದ ಎಡಕ್ಕೆ. ಅಕ್ಷರವೂ ಉಲ್ಟಾ. ಕಾಗದ ತಿರುಗಿಸಿದರೆ ಚುಕ್ಕೆಗಳು ಉಬ್ಬಿ ಎಡದಿಂದ ಬಲಕ್ಕೆ ಓದಲು ಬರುತ್ತವೆ. ಹಾಡುವಾಗ ಬೆರಳಿಟ್ಟು ಓದಬಹುದು. ನುಡಿಸುವಾಗ ಆಗುವುದಿಲ್ಲ, ಎರಡೂ ಕೈಗೆ ಕೆಲಸ ಇರುತ್ತದೆ. ಹಾಗಾಗಿ ಕಾಗದ ಇರುವುದು ಮರೆತಾಗ ನೋಡಲಿಕ್ಕೆ. ಪಾಠವೆಲ್ಲ ತಲೆಯಲ್ಲೇ.

ಥಿಯರಿ ಪರೀಕ್ಷೆಯ ಬಗ್ಗೆ ಕಲಬುರಗಿಯ ಹುಡುಗಿ ಕೇಳಿದ್ದಾಳೆ. ಲಿಪಿಕಾರರನ್ನು (ನೀನು ಹೇಳಿದ್ದನ್ನು ಬರೆಯುವವರನ್ನು) ಕೇಳಿ ಪಡೆದುಕೊಳ್ಳಮ್ಮ, ನಾಚಿಕೊಳ್ಳಬೇಡ. ಅಂಗವಿಕಲರ ಪರೀಕ್ಷೆಗೆಂದು ಕೇಂದ್ರ ಸರ್ಕಾರ ಮಾಡಿರುವ ನಿಯಮದಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯವೂ ಇದೆ. ಅರ್ಜಿ ತುಂಬುವಾಗಲೇ ಬರೆದು ಕೊಡು. ಲಿಪಿಕಾರರಿಗೆ ‘ವಿಲಂಬಿತ’, ‘ಆಂದೋಲನ’ ಇಂಥ ಪದಗಳನ್ನು ಮುಂಚೆಯೇ ಬರೆಸಿ ಅಭ್ಯಾಸ ಮಾಡಿಸು. ಇಲ್ಲದಿದ್ದರೆ ಸ್ವರದ ತೂಗಾಟಕ್ಕೆ ಹೇಳುವ ‘ಆಂದೋಲನ’ ಕೇಳಿ ಚಳವಳಿ ಬಗ್ಗೆ ಪ್ರಬಂಧ ಬರೆದಾರು.

ಸೀರೆಗೆ ಹೊಂದುವ ಬ್ಲೌಸ್ ಹೇಗೆ ಹುಡುಕುತ್ತೀರಿ? ದುಡ್ಡು ಹೇಗೆ ಎಣಿಸುತ್ತೀರಿ? (ಗೃಹಿಣಿ, ಬಾಗಲಕೋಟೆ)

ಎರಡನ್ನೂ ಒಟ್ಟಿಗೆ ಮಡಚಿ ಒಂದು ಚೀಲದಲ್ಲಿ ಇಡುತ್ತೇನೆ, ಮುಗಿಯಿತು. ಇಳಕಲ್ ಸೀರೆಗಳನ್ನು ಸೆರಗು ಮುಟ್ಟಿ ಹೇಳಬಲ್ಲೆ. ಬಣ್ಣಕ್ಕೆ ಒಳಗಡೆ ದಾರದ ಗಂಟು: ಒಂದು ಗಂಟು ಹಸಿರು, ಎರಡು ಕೆಂಪು.

ದುಡ್ಡಿನ ತಾಪತ್ರಯ ದೊಡ್ಡದು. ಹಳೆಯ ನೋಟುಗಳ ಗಾತ್ರದಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತಿತ್ತು. 2016ರ ಆಮೇಲೆ ಬಂದ ನೋಟುಗಳು ಅಗಲದಲ್ಲಿ ಹೆಚ್ಚೂಕಡಿಮೆ ಒಂದೇ, ಉದ್ದದಲ್ಲೂ ಸ್ವಲ್ಪವೇ ವ್ಯತ್ಯಾಸ. ರಿಸರ್ವ್ ಬ್ಯಾಂಕ್ 2020ರಲ್ಲಿ ‘ಮಣಿ’ ಎಂಬ ಆ್ಯಪ್ ತಂದಿದೆ, ನೋಟು ಹಿಡಿದರೆ ಎಷ್ಟರದ್ದು ಎಂದು ಹೇಳುತ್ತದೆ. ಆದರೆ ಫೀ ಕೊಟ್ಟವರ ಎದುರೇ ಹಾಗೆ ಹಿಡಿದು ನೋಡುವುದು ನನಗೆ ಸಂಕೋಚ. ಈಗ ಎಲ್ಲರಿಗೂ ಫೋನಿನಲ್ಲೇ ಕಳಿಸಿ ಅನ್ನುತ್ತೇನೆ.

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಒಬ್ಬ ಅಂಧ ಕಲಾವಿದರನ್ನು ಕರೆಯಬೇಕೆಂದಿದ್ದೇವೆ. ಏನು ಗಮನಿಸಬೇಕು? (ಕಾರ್ಯದರ್ಶಿ, ಶಿರಸಿ)

ಕೇಳಿದ್ದಕ್ಕೆ ಥ್ಯಾಂಕ್ಸ್. ಕೇಳದವರೇ ಜಾಸ್ತಿ.

ಮೊದಲು ವೇದಿಕೆ. ಹಿಂದಿನಿಂದ ಹೆಗಲು ಹಿಡಿದು ತಳ್ಳಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಎಷ್ಟು, ವೇದಿಕೆಯ ಅಂಚು ಎಲ್ಲಿ, ಮೈಕ್ ಎಷ್ಟು ದೂರ, ತಬಲಾ ಯಾವ ಕಡೆ, ಇಷ್ಟು ಬಾಯಲ್ಲಿ ಹೇಳಿ. ಆಮೇಲೆ ಮೈಕ್ ಸರಿಸಬೇಡಿ. ಸರಿಸಿದರೆ ಹೇಳಿ ಸರಿಸಿ. ಮಾತಾಡಿಸುವಾಗ ‘ನಾನು ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಮಾಡಬೇಡಿ. ಅವರ ಊಟಕ್ಕೆ ಏನು ಬೇಕು ಎಂದು ಜೊತೆಗೆ ಬಂದವರನ್ನು ಕೇಳಬೇಡಿ, ಅವರನ್ನೇ ಕೇಳಿ.

ಎರಡನೆಯದು ನಿರೂಪಕರು. ನಾನು ರಾಗ ಶುರು ಮಾಡುವ ಮುಂಚೆ ಒಬ್ಬರು ‘ಕಣ್ಣಿಲ್ಲದಿದ್ದರೂ’ ಅಂತ ಶುರು ಮಾಡಿ ಎಷ್ಟು ಹೊತ್ತು ಮಾತಾಡಿದರೆಂದರೆ ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೀಟುವುದು ಕೇಳಿಸಿತು. ಅಳುವ ಜನರ ಮುಂದೆ ಹಂಸಧ್ವನಿಯಂಥ ಉಲ್ಲಾಸದ ರಾಗ ಹೇಗೆ ಹಾಡುವುದು ಹೇಳಿ? ಗುರುಗಳು ಯಾರು, ಯಾವ ಘರಾಣೆ, ಏನು ಹಾಡುತ್ತಾರೆ, ಅಷ್ಟು ಹೇಳಿದರೆ ಸಾಕು. ಬ್ಯಾನರಿನಲ್ಲಿ ಬೇರೆ ಕಲಾವಿದರ ಹೆಸರಿನ ಜೊತೆ ‘ಹಿಂದೂಸ್ತಾನಿ ಗಾಯಕ’ ಎಂದು ಹಾಕಿದ್ದರೆ ಇವರಿಗೂ ಅದನ್ನೇ ಹಾಕಿ.

ಮೂರನೆಯದು ಸಂಭಾವನೆ. ಇದನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಒಂದು ಕಾರ್ಯಕ್ರಮದಲ್ಲಿ ನನಗಿಂತ ಮುಂಚೆ ಹಾಡಿದವರಿಗೆ ಕವರ್, ನನಗೆ ಶಾಲು, ಹಾರ, ಒಂದು ಬುಟ್ಟಿ ಹಣ್ಣು. ‘ನಿಮಗೆ ಅವಕಾಶ ಕೊಟ್ಟಿದ್ದೇವಲ್ಲ’ ಅಂದರು. ಹಣ್ಣು ಚೆನ್ನಾಗಿತ್ತು. ಆದರೆ ಕರೆಂಟ್ ಬಿಲ್ ಕಟ್ಟಲು ಬಾಳೆಹಣ್ಣು ತೆಗೆದುಕೊಳ್ಳುವುದಿಲ್ಲ. ಎಷ್ಟು ಕೊಡುತ್ತೀರಿ ಅಂತ ಫೋನಿನಲ್ಲೇ ಹೇಳಿ. ಜೊತೆಗೆ ಬರುವವರ ಖರ್ಚನ್ನೂ ಸೇರಿಸಿ. ರೈಲಿನ ಸ್ಲೀಪರ್ ಕ್ಲಾಸಿನಲ್ಲಿ ಅಂಧರಿಗೂ ಜೊತೆಗಾರರಿಗೂ 75 ಶೇಕಡಾ ರಿಯಾಯಿತಿ ಇದೆ, ಹಾಗಾಗಿ ನಿಮಗೇನೂ ದೊಡ್ಡ ಹೊರೆಯಲ್ಲ.

ನಾನು 62 ವರ್ಷದ ನಿವೃತ್ತ ಗುಮಾಸ್ತ. ಗ್ಲಾಕೋಮಾದಿಂದ ದೃಷ್ಟಿ ಕಡಿಮೆಯಾಗುತ್ತಾ ಬಂದಿದೆ. ಸಕ್ಕರೆ ಕಾಯಿಲೆಯೂ ಇದೆ. ಚಿಕ್ಕಂದಿನಲ್ಲಿ ಪೇಟಿ ಕಲಿಯುವ ಆಸೆ ಇತ್ತು. ಈಗ ಶುರು ಮಾಡಬಹುದೇ? (ಹುಬ್ಬಳ್ಳಿ)

ಮಾಡಬಹುದು. ಅದಕ್ಕೂ ಮೊದಲು ಕಣ್ಣಿನ ಡ್ರಾಪ್ಸ್ ಬಿಡಬೇಡಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು. ‘ಹೇಗೂ ಹೋಗುತ್ತಿದೆ’ ಎಂದು ಔಷಧಿ ನಿಲ್ಲಿಸಿದವರನ್ನು ಕಂಡಿದ್ದೇನೆ. ಬಿಳಿ ಕೋಲು ಹಿಡಿಯುವುದನ್ನೂ ಸ್ವಲ್ಪ ಕಾಣುವಾಗಲೇ ಕಲಿಯಿರಿ, ಸುಲಭವಾಗುತ್ತದೆ.

ಬ್ರೈಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಸಕ್ಕರೆ ಕಾಯಿಲೆಯೂ ಇದೆ ಅಂದಿದ್ದೀರಿ, ಬೆರಳ ತುದಿಗೆ ಚುಕ್ಕೆ ಸಿಗದೆ ಹೋಗಬಹುದು. ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಸಾಕು.

ಪೇಟಿ ಕೊಳ್ಳುವಾಗ ಅಂಗಡಿಯವರ ಮಾತಿಗಿಂತ ಪೇಟಿಯ ಮಾತು ಕೇಳಿ. ತಿದಿ ಪೂರ್ತಿ ತುಂಬಿಸಿ, ಯಾವ ಕೀಯನ್ನೂ ಒತ್ತದೆ ಕಾಯಿರಿ. ಗಾಳಿ ಬೇಗ ಇಳಿದರೆ ಎಲ್ಲೋ ಸೋರುತ್ತಿದೆ. ಒತ್ತದೆಯೇ ಸ್ವರ ಬಂದರೆ ಅದನ್ನು ಅಲ್ಲೇ ಬಿಡಿ. ಆಮೇಲೆ ಒಂದು ಕೀಯನ್ನೂ ಬಿಡದೆ ಒಂದೊಂದನ್ನೇ ತೀರಾ ಮೆಲ್ಲಗೆ ಗಾಳಿ ಕೊಟ್ಟು ಒತ್ತಿ. ತಡವಾಗಿ ಮಾತಾಡುವ ರೀಡು (ಸ್ವರ ಹೊರಡಿಸುವ ಲೋಹದ ಪಟ್ಟಿ) ಮುಂದೆ ಮಾತಾಡುವುದನ್ನೇ ಬಿಡುತ್ತದೆ. ಮೂರು ಸಾಲು ರೀಡು, ಒಂದು ಕೀ ಒತ್ತಿದರೆ ಇನ್ನೊಂದು ಸಪ್ತಕದ ಕೀಯನ್ನೂ ಒತ್ತುವ ಕಪ್ಲರ್ ಎಲ್ಲ ಈಗ ಬೇಡ. ಭಾರ ಜಾಸ್ತಿ, ಬಸ್ಸಿನಲ್ಲಿ ತರಲು ಆಗುವುದಿಲ್ಲ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವುದು ಏನು ಮಹಾ. ಬೆಳಿಗ್ಗೆ ಏಳರ ಬ್ಯಾಚಿಗೆ ಬನ್ನಿ. ಅಲ್ಲಿ ಈಗಾಗಲೇ ಒಬ್ಬ ನಿವೃತ್ತ ಹೆಡ್‌ಮಾಸ್ಟರ್ ಇದ್ದಾರೆ. ಬೇಸೂರು (ಸ್ವರ ತಪ್ಪಿದೆ) ಎಂದರೆ ಒಪ್ಪುವುದಿಲ್ಲ, ಪೇಟಿಯದೇ ತಪ್ಪು ಎನ್ನುತ್ತಾರೆ. ನೀವು ಹಾಗೆ ಮಾಡುವುದಿಲ್ಲ ಎಂದು ಮೊದಲೇ ಮಾತು ಕೊಟ್ಟರೆ ಮೊದಲ ತಿಂಗಳ ಫೀ ಬೇಡ.